ಶಾಖೆಯ ಮುಖ್ಯಸ್ಥೆ ತ್ಸ್ವೆತಾನಾ

ಬಲ್ಗೇರಿಯಾದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ಪುಟ್ಟ ಊರೊಂದರಲ್ಲಿ ತ್ಸ್ವೆತಾನಾ ಬಹಳ ಕಾಲ ಶಾಲೆಯ ಅಡುಗೆಯವಳಾಗಿದ್ದಳು. ನಿವೃತ್ತಿಯಾದ ಮೇಲೆ ಒಂದು ದಿನ ಅವಳ ಅಕ್ಕನ ಮಗ, ವಕೀಲ ಲ್ಯುದ್ಮಿಲ್, ಮನೆಗೆ ಬಂದ. ಹೊರದೇಶದ ಕಂಪನಿಯೊಂದು ಇಲ್ಲಿ ಶಾಖೆ ತೆರೆಯುತ್ತಿದೆ, ಅದಕ್ಕೆ ಊರಿನವರೇ ಒಬ್ಬರು ಮುಖ್ಯಸ್ಥರು ಬೇಕು ಎಂದ.

"ನೀನೇನೂ ಮಾಡೋದ್ ಬೇಡ ಚಿಕ್ಕಮ್ಮ, ಸಹಿ ಹಾಕು ಸಾಕು. ಹಳೇ ಪ್ಲಾಸ್ಟಿಕ್‌ನ ಹೊಸದು ಮಾಡ್ತಾರೆ. ನಮ್ಮ ಹುಡುಗ್ರಿಗೆ ಕೆಲ್ಸ ಸಿಗುತ್ತೆ."

ಅವಳು ಹೆಮ್ಮೆಯಿಂದಲೇ ಸಹಿ ಹಾಕಿದಳು. ಸಂತೆಯಲ್ಲಿ ಹೆಂಗಸರು "ಏನ್ ಡೈರೆಕ್ಟರಮ್ಮ, ಮೆಣಸಿನಕಾಯಿ ನೀವೇ ಆರಿಸ್ತೀರಾ?" ಎಂದು ಕಿಚಾಯಿಸಿದರೆ ಒಳಗೊಳಗೇ ಹಿಗ್ಗುತ್ತಿದ್ದಳು.

ಹೊಸದು ಯಾವುದೂ ಆಗಲಿಲ್ಲ. ಲಾರಿಗಳು ಪರದೇಶದ ಕೊಳಕನ್ನೆಲ್ಲ ತಂದು ಊರಾಚೆಯ ಹಳೇ ಇಟ್ಟಿಗೆ ಗೂಡಿನ ಬಯಲಿನಲ್ಲಿ ಸುರಿದವು: ಆಸ್ಪತ್ರೆಯ ಕೈಗವಸುಗಳು, ಮಕ್ಕಳ ಮಲದ ಬಟ್ಟೆಗಳು, ಕೊಳೆತ ಮಾಂಸದ ಡಬ್ಬಗಳು. ಅದಕ್ಕೆ ಬೆಂಕಿ ಬಿದ್ದಾಗ ಊರೆಲ್ಲ ಕೆಮ್ಮಿತು. ಪಕ್ಕದ ಮನೆಯ ರುಜಾ ಮಸಿ ಹಿಡಿದ ಹಾಸಿಗೆ ಬಟ್ಟೆ ತಂದು ತ್ಸ್ವೆತಾನಾಳ ಹೊಸ್ತಿಲ ಮೇಲೆ ಎಸೆದಳು. "ಒಗಿ, ಡೈರೆಕ್ಟರಮ್ಮ!"

ಆ ವಾರವೇ ಲ್ಯುದ್ಮಿಲ್ ಮತ್ತೆ ಬಂದ. ಈ ಶಾಖೆ ಮುಚ್ಚಿ ಬೇರೆ ಹೆಸರಿನಲ್ಲಿ ಇನ್ನೊಂದು ತೆರೆಯಬೇಕಿತ್ತು. ಬಯಲಿಗೆ ಹೋಗಿ ಆ ರಾಶಿಯನ್ನು ಕಣ್ಣಾರೆ ನೋಡಿ ಬಂದೆ ಎಂದಳು ತ್ಸ್ವೆತಾನಾ.

"ಅಲ್ಲಿಗ್ ಹೋಗಿ ನೋಡು ಅಂತ ನಿಂಗ್ಯಾರ್ ಹೇಳಿದ್ರು ಚಿಕ್ಕಮ್ಮ? ಮೂಗು ಮುಚ್ಕೊಂಡ್ ಸಹಿ ಹಾಕು."

ಅವಳು ಕಾಗದಗಳನ್ನು ಅವನತ್ತಲೇ ತಳ್ಳಿದಳು. "ಥೂ! ಎತ್ತಿ ಆಡಿಸಿದ ಕೈಗೇ ಹೇಲು ಮೆತ್ತಿದ್ಯಲ್ಲೋ. ಎದ್ದು ಹೋಗು!"

ಅವನು ಹೋದ ಮೇಲೆ ಪೊಲೀಸ್ ಠಾಣೆಗೆ ನಡೆದು, ಶಾಖೆಯ ಮುಖ್ಯಸ್ಥೆ ತಾನೇ ಎಂದು ಹೇಳಿ ಅವನ ಹೆಸರನ್ನೂ ಕೊಟ್ಟಳು. ಲಾರಿಗಳು ನಿಂತವು. ಮೊಕದ್ದಮೆ ಇಬ್ಬರ ಮೇಲೂ ಬಿತ್ತು. ಬಯಲಿನ ರಾಶಿ ಮಾತ್ರ ಈಗಲೂ ಹೊಗೆಯಾಡುತ್ತಿದೆ.