ಕಚ್ಚಾ ಸಿಮೆಂಟು

ನಮ್ಮ ಸರ್ ಅವರ ಬಲಗೈ ಹೆಬ್ಬೆರಳಿಗೆ ಸದಾ ಲವಂಗದ ವಾಸನೆ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ರೊಟ್ಟಿ ಮುರಿದು ಕೊಟ್ಟರೆ ರೊಟ್ಟಿಗೂ ಅದೇ ವಾಸನೆ. ಬೇಕಾದ ದಿನ ಆ ವಾಸನೆ ಇದೆಯೋ ಇಲ್ಲವೋ ಎಂದು ನನ್ನ ಮೂಗಿಗೆ ತಿಳಿದಿದ್ದರೆ ಅವರು ಇವತ್ತು ಬದುಕಿರುತ್ತಿದ್ದರೇನೋ. ಈ ‘ಏನೋ’ ನನ್ನನ್ನು ಬಿಡುತ್ತಿಲ್ಲ.

ಲಿಂಗಸುಗೂರಿನಲ್ಲಿ ಅವರದು ಹಲ್ಲಿನ ದವಾಖಾನೆ. ಡಾಕ್ಟರಿಕೆ ಓದಿ ಮುಗಿಸಿ ನಾನು ಅಲ್ಲೇ ಕೆಲಸಕ್ಕೆ ಸೇರಿದೆ. ನಾನು ಸರ್ ಎನ್ನುತ್ತಿದ್ದೆ, ಅವರು ತಂಗಿ ಎನ್ನುತ್ತಿದ್ದರು. ಹಲ್ಲಿಗೆ ಕ್ಯಾಪ್ ಅಂಟಿಸುವ ಸಿಮೆಂಟಿನಲ್ಲಿ ಹತ್ತಾರು ಬಗೆ ಎಂದು ನಾನು ಓದಿ ಬಂದಿದ್ದೆ. ಅವರ ಲೆಕ್ಕದಲ್ಲಿ ಎರಡೇ: ಕಚ್ಚಾ, ಪಕ್ಕಾ. ಕಚ್ಚಾದಲ್ಲಿ ಲವಂಗದೆಣ್ಣೆ ಇರುತ್ತದೆ, ಬೇಕೆಂದಾಗ ಎರಡು ಪೆಟ್ಟಿಗೆ ಕ್ಯಾಪ್ ಕಳಚಿ ಬರುತ್ತದೆ. ಪಕ್ಕಾ ಹಾಕಿದರೆ ಕೊರೆದೇ ತೆಗೆಯಬೇಕು. ಎರಡನ್ನೂ ಒಂದೇ ಥರದ ಸಣ್ಣ ಶೀಶೆಗಳಿಗೆ ಸುರಿದು, ಎರಡು ಸ್ಟೀಲ್ ಡಬ್ಬಿಗಳಲ್ಲಿಟ್ಟು, ಮುಚ್ಚಳದ ಮೇಲೆ ಹೆಂಡತಿಯ ಉಗುರುಬಣ್ಣದಿಂದ ‘ಕ’, ‘ಪ’ ಎಂದು ಬರೆದಿದ್ದರು.

“ಬೇರಿನ ಮ್ಯಾಲ ಅನುಮಾನ ಇದ್ರ ಮೊದಲು ಕಚ್ಚಾ. ಪಕ್ಕಾ ಹಾಕಾಕ ಅವಸರ ಯಾಕ? ತಗ್ಯಾಕ ದಾರಿ ಇಟ್ಕೊಂಡು ಹಾಕು ತಂಗಿ” ಎನ್ನುತ್ತಿದ್ದರು.

ಬಳಗಾನೂರಿನ ಗೌಡರೊಬ್ಬರು ಒಮ್ಮೆ ಕುರ್ಚಿಯಲ್ಲಿ ಮಲಗಿಕೊಂಡೇ, “ಡಾಕ್ಟ್ರೇ, ಮನಿ ಕಟ್ಟೋ ಸಿಮೆಂಟ್ ಏನ್ರಿ ಇದು?” ಎಂದು ಕೇಳಿದರು. ಸರ್ ನಗದೆ, “ಹೌದ್ರಿ. ಎಂಟು ದಿನ ಮುಂಜಾನಿ ಸಂಜಿ ನೀರು ಹೊಡೀರಿ” ಎಂದರು. ಗೌಡರು ತಲೆಯಾಡಿಸಿದರು. ಪುಣ್ಯಾತ್ಮ ಎಂಟು ದಿನವೂ ತಪ್ಪದೆ ಬಾಯಿ ಮುಕ್ಕಳಿಸಿದರಂತೆ.

ಕರೋನಾ ಬಂದುಹೋದ ಮೇಲೆ ನನ್ನ ಮೂಗು ಸತ್ತಿತ್ತು. ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ನಾಚಿಕೆಯಿಂದಲೋ ಏನೋ, ಸರ್ ಮುಂದೆ ಹೇಳಲಿಲ್ಲ. ಅದೇ ದಿನಗಳಲ್ಲಿ ನಾನು ಮೊದಲ ಕ್ಯಾಪ್ ಅಂಟಿಸಿದ್ದು ಅವರ ಬಾಯಲ್ಲೇ. “ಮಂದಿ ಹಲ್ಲು ಯಾಕ, ನಂದೇ ಐತಲ್ಲ” ಎಂದು ಕುರ್ಚಿಯಲ್ಲಿ ಮಲಗಿದರು. ಕೆಳಗಿನ ದವಡೆಯ ಕೊನೆಯ ಹಲ್ಲು, ಲೋಹದ ಕ್ಯಾಪ್. ಬೇರು ಅನುಮಾನದ್ದು, ಹಾಗಾಗಿ ಕಚ್ಚಾ ಸಾಕು ಎಂದರು. ಅವತ್ತು ಮುಂಜಾನೆ ಡಬ್ಬಿ ತೊಳೆದು ಮುಚ್ಚಳ ಹಾಕಿದವಳು ನಾನು. ‘ಕ’ ಮುಚ್ಚಳದ ಡಬ್ಬಿ ತೆಗೆದು, ಗಾಜಿನ ಬಿಲ್ಲೆಯ ಮೇಲೆ ಕಲಸಿ, ನಡುಗುವ ಕೈಯಿಂದ ಅಂಟಿಸಿದೆ. ಅವರು ಒಮ್ಮೆ ಕಣ್ಣು ಬಿಟ್ಟು ನನ್ನನ್ನು ನೋಡಿದರು, ಮತ್ತೆ ಮುಚ್ಚಿಕೊಂಡರು. ಎದ್ದ ಮೇಲೆ, “ಚಲೋ ಹಾಕೀದಿ” ಎಂದರು.

ಮುಂದೆ ನಾನು ಸಿಂಧನೂರಿನಲ್ಲಿ ಸ್ವಂತ ದವಾಖಾನೆ ತೆರೆದೆ. ವಾರಕ್ಕೊಮ್ಮೆ ಸರ್ ಎರಡೂ ಊರಿನ ನಡುವಿನ ಮಸ್ಕಿಗೆ ಬರುತ್ತಿದ್ದರು, ನಾನೂ ಹೋಗಿ ಅವರೊಂದಿಗೆ ಮಿರ್ಚಿ ತಿಂದು ಚಹಾ ಕುಡಿದು ಬರುತ್ತಿದ್ದೆ. ಒಂದು ದಿನ ನೋಡಿದರೆ ಒಂದೇ ಕಡೆ ಅಗಿಯುತ್ತಿದ್ದಾರೆ.

“ಕ್ಯಾಪ್ ಬಿಚ್ಚಿ ನೋಡೂಣ್ರಿ ಸರ್. ಕಚ್ಚಾನೇ ಐತಲ್ಲ, ಒಂದು ಪೆಟ್ಟಿಗೆ ಬರ್ತೈತಿ.”

“ಇರ್ಲಿ ಬಿಡು, ತಾನೇ ಕಡಿಮಿ ಆಕ್ಕೈತಿ.”

ಎಂಟು ತಿಂಗಳು ಇದೇ ಮಾತು. ಹಲ್ಲಿನ ನೋವು ಎಂದುಕೊಂಡಿದ್ದು ಹಲ್ಲಿನದಲ್ಲ, ಅದರ ಪಕ್ಕದ ವಸಡಿನ ಹುಣ್ಣಿನದು. ಕ್ಯಾಪ್ ಬಿಚ್ಚಲು ಬಾಯಿ ತೆರೆಸಿದ್ದರೆ ಅದು ಆಗಲೇ ಕಾಣುತ್ತಿತ್ತು. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕ್ಯಾನ್ಸರ್ ಕುತ್ತಿಗೆಗೆ ಇಳಿದಿತ್ತು. ಕರೆಂಟು, ಅಂದರೆ ರೇಡಿಯೇಶನ್, ಕೊಡುವ ಮೊದಲು ಲೋಹದ ಕ್ಯಾಪ್ ತೆಗೆಸಿಕೊಂಡು ಬನ್ನಿ ಎಂದು ಅಲ್ಲಿ ಹೇಳಿ ಕಳಿಸಿದರು. ಸರ್ ಬೇರೆ ಯಾರ ಬಳಿಗೂ ಹೋಗದೆ ನನ್ನ ಬಳಿ ಬಂದರು.

ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಮೆಲ್ಲಗೆ ಒಂದು ಪೆಟ್ಟು ಕೊಟ್ಟೆ. ಇನ್ನೊಂದು. ಮತ್ತೊಂದು. ಕ್ಯಾಪ್ ಅಲುಗಲಿಲ್ಲ. ಅವರ ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು.

“ಸರ್, ಯಾಕ ಬರವಲ್ದು? ಕಚ್ಚಾ ಅಲ್ಲೇನ್ರಿ ಇದು?”

ನನ್ನ ಕೈ ಸರಿಸಿ, ತೊದಲುತ್ತಾ ಹೇಳಿದರು: “ಅಲ್ಲ ತಂಗಿ. ಮುಚ್ಚಳ ಅದಲಿ ಬದಲಿ ಆಗಿದ್ವು. ಲವಂಗದ ವಾಸನಿ ಬರಲಿಲ್ಲ. ನನಗ ಅವತ್ತೇ ಗೊತ್ತಾತು.”

“ಅವತ್ತೇ ಹೇಳಬೇಕಿತ್ತಲ್ರಿ!”

“ಹೇಳಿದ್ರ ನೀ ಮತ್ತ ಸಿಮೆಂಟ್ ಮುಟ್ಟತಿದ್ದಿಲ್ಲ. ಕೈ ಹಂಗ ನಡಗಾಕತ್ತಿತ್ತು.”

ಹಾಗಾದರೆ ಆ ಎಂಟು ತಿಂಗಳು? ಬಿಚ್ಚಲು ಹೋದರೆ ನನ್ನ ತಪ್ಪು ನನಗೇ ಕಾಣುತ್ತದೆಂದು ಸುಮ್ಮನಿದ್ದರೇ? ಕೇಳಿಯೇಬಿಟ್ಟೆ. ಅವರು ಇಲ್ಲ ಎನ್ನಲಿಲ್ಲ. “ಡಾಕ್ಟರ್ ಆಗಿ ನಾ ಕನ್ನಡಿ ಹಿಡಕೊಂಡು ನೋಡಬೇಕಿತ್ತು, ನೋಡಲಿಲ್ಲ. ಈಗ ಅಳಬ್ಯಾಡ, ಕೊರಿ” ಎಂದರು. ಮುಕ್ಕಾಲು ಗಂಟೆ ಕೊರೆದೆ. ಅಷ್ಟು ಹೊತ್ತೂ ಅವರ ಹೆಬ್ಬೆರಳು ನನ್ನ ಮೊಣಕೈಗೆ ಆನಿಕೊಂಡಿತ್ತು, ಕೈ ನಡುಗದ ಹಾಗೆ.

ಕರೆಂಟು ಅರ್ಧವೂ ಮುಗಿಯಲಿಲ್ಲ. ಅವರು ಹೋಗಿಬಿಟ್ಟರು. ನಾನು ತಪ್ಪು ಮಾಡಿದೆ, ಅದನ್ನು ಅವರು ಬಾಯಲ್ಲಿಟ್ಟುಕೊಂಡು ಸತ್ತರು. ಬೇರೆ ಯಾವ ರೀತಿಯಲ್ಲೂ ನನಗೆ ಇದನ್ನು ಹೇಳಲು ಬರುವುದಿಲ್ಲ.

ನನ್ನ ಮೂಗು ಅರ್ಧಂಬರ್ಧ ಮರಳಿದೆ. ಮಲ್ಲಿಗೆ ತಿಳಿಯುತ್ತದೆ, ಸೀಮೆಎಣ್ಣೆ ತಿಳಿಯುತ್ತದೆ. ಲವಂಗ ಮಾತ್ರ ಇಲ್ಲ. ಅದಕ್ಕೆ ಈಗಲೂ ಕಚ್ಚಾ ಸಿಮೆಂಟು ಕಲಸಿದಾಗಲೆಲ್ಲ ಗಾಜಿನ ಬಿಲ್ಲೆಯನ್ನು ಕುರ್ಚಿಯಲ್ಲಿದ್ದವರ ಮೂಗಿನ ಹತ್ತಿರ ಹಿಡಿದು ಕೇಳುತ್ತೇನೆ: “ಲವಂಗದ ವಾಸನಿ ಬರಾಕತ್ತೈತೇನ್ರಿ?”

ಅವರು “ಹೂನ್ರಿ” ಎನ್ನುವವರೆಗೆ ನನ್ನ ಕೈ ಮುಂದೆ ಹೋಗುವುದಿಲ್ಲ.