ಮೇಡಂ ಮೇಜಿನ ಮೇಲೆ ತಾಂಬೂಲ

ದೇವನಹಳ್ಳಿ ಸುತ್ತಮುತ್ತ ಯಾರ ಮನೆಯಲ್ಲಿ ಹೆಣ್ಣು-ಗಂಡಿನ ಮಾತುಕತೆ ನಡೆದರೂ ಪಿಳ್ಳಪ್ಪ ಅಲ್ಲಿರಲೇಬೇಕು. ಬೆಳೆಯೋದು ರಾಗಿ, ಬಾವಿ ಪಕ್ಕ ನಾಲ್ಕು ಚಕ್ಕೋತದ ಮರ. ಹೆಸರು ಬಂದಿದ್ದು ಮಾತ್ರ ಮಾತಿನಿಂದ. ಅವನು ಮಧ್ಯೆ ನಿಂತು ಕೂಡಿಸಿದ ಸಂಬಂಧ ಮುರಿದದ್ದೇ ಇಲ್ಲ. ಹಿರಿಯರೆಲ್ಲ ಒಪ್ಪಿ, ವೀಳ್ಯದೆಲೆ ತಟ್ಟೆ ಮುಂದೆ ಬಂದಮೇಲೂ ಈ ಮನುಷ್ಯ ಎದ್ದು ಒಳಮನೆಗೆ ಹೋಗಿ ಕೇಳೋನು: "ಏನವ್ವಾ, ನಿಂಗೆ ಒಪ್ಪಿಗೆನಾ?" ಹುಡುಗಿ ಹೂಂ ಅನ್ನದೆ ತಾಂಬೂಲ ಬದಲಾಯಿಸೋಕೆ ಬಿಡ್ತಿರಲಿಲ್ಲ. ಗಂಡಿನ ಕಡೆಯವರು ಮುಖ ಸಿಂಡರಿಸಿದರೆ ಸಿಂಡರಿಸಿಕೊಳ್ಳಲಿ!

ಇಂಥವನ ಮಗಳು ಚೈತ್ರ. ಕೃಷಿಯಲ್ಲಿ ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ.ಗೆ ಎರಡು ಕಡೆ ಅರ್ಜಿ ಹಾಕಿದ್ದಳು. ಬೆಂಗಳೂರಿನ ಪ್ರೊಫೆಸರ್ ವಾಣಿಶ್ರೀ ಮೇಡಂ ಫೋನ್ ಮಾಡಿ, "ಪಟ್ಟಿ ಬರೋಕೆ ಇನ್ನೂ ತಿಂಗಳಿದೆ. ಆದ್ರೆ ನಿನ್ನನ್ನೇ ತಗೊಳ್ಳೋದು ಅಂತ ತೀರ್ಮಾನ ಮಾಡಿದೀನಿ. ಬರ್ತೀಯಾ?" ಅಂದರು.

"ಇನ್ನೊಂದು ಕಡೆ ಸಂದರ್ಶನ ಇದೆ ಮೇಡಂ, ಒಂದು ವಾರ ಕೊಡಿ," ಅಂದಳು ಚೈತ್ರ. ಆ ಇನ್ನೊಂದು ಕಡೆ ಅಂದರೆ ಧಾರವಾಡ. ಬೆಂಗಳೂರಲ್ಲಿ ಮುಸುಕಿನ ಜೋಳದ ಮೇಲೆ ಕೆಲಸ. ಅಲ್ಲಿ ಚಕ್ಕೋತದಂಥ ನಾಟಿ ಹಣ್ಣಿನ ಮರಗಳ ಮೇಲೆ. ಅವಳ ಮನಸ್ಸೆಲ್ಲ ಅಲ್ಲೇ ಇತ್ತು.

ಇದನ್ನು ಕೇಳಿಸಿಕೊಂಡ ಪಿಳ್ಳಪ್ಪನಿಗೆ ದಿಗಿಲಾಯಿತು. ಬಾಗಿಲಿಗೆ ಬಂದ ಸಂಬಂಧವನ್ನ ಯಾರಾದ್ರೂ ವಾರ ಕಾಯಿಸ್ತಾರಾ? ಬರೀ ಬಾಯಿಮಾತು ಬೇರೆ. ಕೈಗೆ ಬಂದ ತುತ್ತು ಬಾಯಿಗೆ ಬರದಂಗಾದ್ರೆ? ಬೆಳಗ್ಗೆ ಯಾರಿಗೂ ಹೇಳದೆ ಎರಡು ಚಕ್ಕೋತ, ತೆಂಗಿನಕಾಯಿ, ಎಲೆ-ಅಡಿಕೆ ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿಯೇಬಿಟ್ಟ. ಮೇಡಂ ಮೇಜಿನ ಮೇಲೆ ಎಲ್ಲ ಜೋಡಿಸಿಟ್ಟು, "ನಾನು ಚೈತ್ರನ ಅಪ್ಪ. ನಮ್ಮ ಕಡೆಯಿಂದ ಒಪ್ಪಿಗೆ ಆಯ್ತು ತಾಯಿ," ಅಂದ. ಮೇಡಂ ನಕ್ಕು, "ಸಂತೋಷ ಯಜಮಾನ್ರೇ. ಹಾಗಾದ್ರೆ ಇದೇ ಸೀಟಿಗೆ ಕಾಯ್ತಿರೋ ಇನ್ನೊಂದು ಹುಡುಗಿಗೆ ಇಲ್ಲ ಅಂತ ಹೇಳ್ತೀನಿ," ಅಂದರು.

ಊರಿಗೆ ಬಂದವನೇ ಟೀ ಅಂಗಡಿಯಲ್ಲಿ, "ನಮ್ಮ ಹುಡುಗಿಗೆ ಸೀಟು ಸಿಕ್ತು ಕಣ್ರಪ್ಪೋ!" ಅಂತ ಕೂತಿದ್ದವರಿಗೆಲ್ಲ ಟೀ ಕುಡಿಸಿ ಮನೆಗೆ ಹೋದ. ಸುದ್ದಿ ಕೇಳಿ ಚೈತ್ರ ಕೂಗಾಡಲಿಲ್ಲ. ಗೋಡೆಗೆ ಒರಗಿ ಕೂತು ಅತ್ತುಬಿಟ್ಟಳು. ಹೆಂಡತಿ ಅಂಜಿನಮ್ಮ ಬಿಡ್ತಾಳಾ? "ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ! ಊರೋರ ಹೆಣ್ಣುಮಕ್ಕಳನ್ನೆಲ್ಲ ಕೇಳೋ ದೊಡ್ಡ ಮನುಷ್ಯನಿಗೆ ಸ್ವಂತ ಮಗಳನ್ನ ಕೇಳಕ್ಕೆ ಬಾಯಿ ಬರಲಿಲ್ವಾ?"

ಅಷ್ಟು ನಾಚಿಕೆ ಪಿಳ್ಳಪ್ಪನಿಗೆ ಹಿಂದೆಂದೂ ಆಗಿರಲಿಲ್ಲ.

ಮಾರನೆಯ ದಿನ ಮಗಳನ್ನು ಕರೆದುಕೊಂಡು ಮತ್ತೆ ಅದೇ ಬಸ್ಸು. ಕೊಟ್ಟ ಮಾತು ವಾಪಸು ತಗೊಂಡ ಪಿಳ್ಳಪ್ಪನನ್ನು ಯಾರೂ ಕಂಡಿರಲಿಲ್ಲ. ಮೇಡಂ ಮುಂದೆ ಕೈಮುಗಿದು, "ತಪ್ಪು ನಂದು ತಾಯಿ. ಹುಡುಗೀನ ಕೇಳದೆ ತಾಂಬೂಲ ಇಟ್ಬಿಟ್ಟೆ. ಅದು ಲೆಕ್ಕಕ್ಕಿಲ್ಲ, ಅವಳು ಹೇಳಿದ್ದೇ ಮಾತು," ಅಂದ.

ಮೇಡಂ ಚೈತ್ರಳಿಗೆ ಕುರ್ಚಿ ತೋರಿಸಿದರು. "ಆ ಹುಡುಗಿಗೆ ಇನ್ನೂ ಹೇಳಿಲ್ಲ. ಆದ್ರೆ ಅವಳನ್ನ ಬೇರೆ ಕಡೆ ಕರೀತಿದಾರೆ, ಇವತ್ತೇ ತಿಳಿಸ್ಬೇಕು. ವಾರ ಕಾಯೋಕಾಗಲ್ಲ ಚೈತ್ರ. ಬರ್ತೀಯಾ, ಇಲ್ವಾ?"

ಚೈತ್ರ ಅಪ್ಪನ ಮುಖ ನೋಡಿದಳು. ಇದನ್ನು ಬಿಟ್ಟರೆ ಧಾರವಾಡದ್ದು ಸಿಗುತ್ತೆ ಅಂತ ಏನು ಗ್ಯಾರಂಟಿ? 'ಹೂಂ ಅನ್ನವ್ವಾ' ಅನ್ನೋ ಮಾತು ಪಿಳ್ಳಪ್ಪನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

"ನನ್ನ ಯಾಕವ್ವಾ ನೋಡ್ತೀಯ? ನಿಂಗೆ ಒಪ್ಪಿಗೆನಾ?"

"ಇಲ್ಲಪ್ಪ," ಅಂದಳು. ಆಮೇಲೆ ಮೇಡಂ ಕಡೆ ತಿರುಗಿ, "ಈ ಸೀಟು ಆ ಹುಡುಗಿಗೇ ಕೊಡಿ ಮೇಡಂ."

ಮೇಡಂ ಅವಳ ಕೈ ಕುಲುಕಿದರು. "ಒಳ್ಳೇದಾಗ್ಲಿ. ಚಕ್ಕೋತ ಮಾತ್ರ ವಾಪಸು ಕೇಳ್ಬೇಡಿ ಯಜಮಾನ್ರೇ, ತಿಂದಾಯ್ತು!"

ಸಂಜೆ ಟೀ ಅಂಗಡಿ ಮುಂದೆ ಬಸ್ಸಿಳಿದಾಗ, ಅಲ್ಲೇ ಕೂತಿದ್ದ ಮುನಿವೆಂಕಟಪ್ಪ ಕೂಗಿ ಕೇಳಿದ: "ಏನ್ಲಾ ಪಿಳ್ಳಪ್ಪ, ಸೀಟು ಗಟ್ಟಿ ಆಯ್ತಾ?"

ಪಿಳ್ಳಪ್ಪ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಅವರು ಕೊಡ್ತೀವಿ ಅಂದ್ರು ಕಣೋ. ನಮ್ಮ ಹುಡುಗಿ ಒಪ್ಪಲಿಲ್ಲ!" ಅಂದು, ಅವತ್ತೂ ಕೂತಿದ್ದವರಿಗೆಲ್ಲ ಟೀ ಹೇಳಿದ.