ಹೊಸ ಗಾಜಿನ ಮೇಲೆ ಅಂಗೈ ಗುರುತು

ಸತ್ತವರು ಬಂದರು, ಮುಟ್ಟಿದರು, ಕರೆದರು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಮಣಿಪಾಲದ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಜೋತುಬಿದ್ದು ಬಣ್ಣ ಹೊಡೆಯುತ್ತಿದ್ದ ಕಾಲದಲ್ಲಿ, ಊಟದ ಹೊತ್ತಿಗೆ ಜೊತೆಯವರು ಇಂಥ ಮಾತು ತೆಗೆದರೆ ನಾನು ಬುತ್ತಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂರುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ಬಾಗಲಕೋಟೆ ಕಡೆಯ ಊರು. ಕೂಲಿಗೆಂದು ಇಲ್ಲಿಗೆ ಬಂದು ಹತ್ತಾರು ವರ್ಷ ಮೇಸ್ತ್ರಿಗಳ ಬೈಗುಳ ತಿಂದ ಮೇಲೆ, ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲ ಎಂದು ಒಂದು ದಿನ ತೀರ್ಮಾನ ಮಾಡಿದೆ. ಬಣ್ಣದ ಜೊತೆಗೆ ಗಾಜಿನ ಕಿಟಕಿ ತೊಳೆಯುವ ಕೆಲಸವೂ ನನಗೆ ಗೊತ್ತಿತ್ತು. ಮಡಚುವ ಏಣಿ, ರಬ್ಬರ್ ಪಟ್ಟಿಯ ವೈಪರ್, ಎರಡು ಬಕೆಟ್, ಹಳೆಯ ಸ್ಕೂಟರ್. ಇಷ್ಟೇ ನನ್ನ ಕಂಪನಿ. "ಕಿಟಕಿ ಒರಸಾಕ ಯಾರರ ಆಳ ಕರೀತಾರೇನು? ತಲಿ ಕೆಟ್ಟೈತಿ ನಿಮಗ" ಎಂದು ನನ್ನ ಹೆಂಡತಿ ರೇಣವ್ವ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದಳು.

ಕರೆದರು. ಮೂರನೆಯ ಕೆಲಸವೇ ಕಾಪುವಿನಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಮಹಡಿ ಮನೆ. ಮನೆಯೊಡತಿ ಜಲಜಕ್ಕ, ಉಡುಪಿಯ ಒಂದು ಆಫೀಸಿನಲ್ಲಿ ಗುಮಾಸ್ತೆ. ಒಬ್ಬರೇ ಇದ್ದರು. ಕಡಲ ಗಾಳಿಯ ಉಪ್ಪು ಕೂತು ಕಿಟಕಿಗಳೆಲ್ಲ ಬೆಳ್ಳಗೆ ಮಂಜಾಗಿದ್ದವು. ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ ರಸ್ತೆಯ ಕಡೆಗಿದ್ದ ಪಶ್ಚಿಮದ ಕಿಟಕಿ ತೋರಿಸಿದರು. ಒಳಬದಿಯ ಗಾಜಿನ ಮೇಲೆ ಒಂದು ಬಲಗೈಯ ಅಂಗೈ ಗುರುತಿತ್ತು. ಉಂಗುರದ ಬೆರಳು ಅರ್ಧವೇ.

ಅದು ಅವರ ಗಂಡನದು. ಕಾರ್ಕಳದಲ್ಲಿ ಕಲ್ಲು ಕೆತ್ತುತ್ತಿದ್ದವರು, ಯಂತ್ರಕ್ಕೆ ಸಿಕ್ಕಿ ಅರ್ಧ ಬೆರಳು ಹೋಗಿತ್ತು. ಕೊನೆಯ ವರ್ಷ ಕಾಯಿಲೆಯಿಂದ ಆ ಕೋಣೆಯಲ್ಲೇ ಇದ್ದರು. ಬೆಳಿಗ್ಗೆ ಹೆಂಡತಿ ಬಸ್ಸಿಗೆ ಹೊರಟಾಗ ಗಾಜಿಗೆ ಕೈ ಒತ್ತಿ ನಿಲ್ಲುತ್ತಿದ್ದರಂತೆ. ಇವರು ರಸ್ತೆಯಿಂದ ಕೈ ಎತ್ತುತ್ತಿದ್ದರಂತೆ. ಅವರು ಹೋಗಿ ಎರಡು ವರ್ಷವಾಗಿತ್ತು.

"ಹೊರಗಿನ ಉಪ್ಪು ಮಾತ್ರ ತೆಗೀರಿ. ಈಗ ರಸ್ತೆಯಿಂದ ನೋಡಿದ್ರೆ ಕೈ ಕಾಣುವುದೇ ಇಲ್ಲ. ಒಳಗೆ ಮಾತ್ರ ಮುಟ್ಲಿಕ್ಕಿಲ್ಲ, ಆಯ್ತಾ? ನನ್ನ ಹತ್ರ ಅವರದ್ದು ಅಂತ ಉಳಿದದ್ದು ಅದೊಂದೇ" ಎಂದರು. ಫೋಟೋಗಳಿರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಆದರೆ ಫೋಟೋ ಅಂಗಡಿಯವನು ತೆಗೆದದ್ದು, ಕೈ ಅವರೇ ಇಟ್ಟದ್ದು. ಆ ವ್ಯತ್ಯಾಸ ನನಗೂ ಅರ್ಥವಾಯಿತು. ಅವರು ಬೀಗದ ಕೈ ನನಗೆ ಕೊಟ್ಟು ಆಫೀಸಿಗೆ ಹೋದರು.

ನಾನು ಮಾಡಿದ ತಪ್ಪು ಹೊಸ ದಂಧೆಯವನ ತಪ್ಪೇ. ಬೇಗ ಮುಗಿಸುವ ಆಸೆಯಿಂದ ಆ ಕಿಟಕಿಯನ್ನು ಕೊನೆಗೆ ಇಟ್ಟುಕೊಂಡೆ. ಹೊತ್ತು ಎರಡರ ಮೇಲಾಗಿತ್ತು. ಪಶ್ಚಿಮದ ಬಿಸಿಲು ಬಿದ್ದು ಗಾಜು ಕಾದ ಹಂಚಾಗಿತ್ತು. ಬಾವಿಯಿಂದ ಆಗಷ್ಟೇ ಸೇದಿದ ತಣ್ಣೀರನ್ನು ಒಂದು ಮಗ್ ಎರಚಿದೆ. ಟಪ್ ಎಂದಿತು. ಮೂಲೆಯಿಂದ ಮೂಲೆಗೆ ಸೀಳು ಓಡಿ, ಅಂಗೈ ನಡುವೆಯೇ ಎರಡು ಹೋಳಾಯಿತು.

ಅಯ್ಯೋ ದೇವರೇ! ಸುಳ್ಳೇಕೆ ಹೇಳಲಿ, ಮೊದಲು ಬಂದದ್ದು ಓಡಿಹೋಗುವ ಯೋಚನೆ. ಏಣಿ ಕಟ್ಟಿ ಸ್ಕೂಟರ್ ಕೂಡ ಚಾಲೂ ಮಾಡಿದ್ದೆ. ಆದರೆ ಬೀಗದ ಕೈ ಕೊಟ್ಟು ಹೋದ ಹೆಂಗಸಿನ ಮನೆಯನ್ನು ಒಡೆದ ಕಿಟಕಿಯೊಂದಿಗೆ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಅಳತೆ ತೆಗೆದು, ಮುಖ್ಯರಸ್ತೆಯ ಅಂಗಡಿಯಿಂದ ಹೊಸ ಗಾಜು ಕತ್ತರಿಸಿ ತಂದೆ. ಹಳೆಯ ಚೂರುಗಳನ್ನು ಒಂದೂ ಬಿಡದೆ ಪೇಪರಿನಲ್ಲಿ ಸುತ್ತಿ ಗೋಣಿಚೀಲಕ್ಕೆ ಹಾಕಿದೆ. ಚೌಕಟ್ಟಿನ ಮರದ ಪಟ್ಟಿ ಬಿಚ್ಚಿ, ಹೊಸ ಗಾಜು ಕೂರಿಸಿ, ಹೊಸ ಮೊಳೆ ಹೊಡೆದೆ.

ಇಲ್ಲಿ ನನ್ನ ಕೆಲಸದ ಒಂದು ಪದ್ಧತಿ ಹೇಳಬೇಕು. ಗಾಜಿನ ಹೊರಬದಿಯನ್ನು ನಾನು ಮೇಲಿಂದ ಕೆಳಕ್ಕೆ ಎಳೆಯುತ್ತೇನೆ, ಒಳಬದಿಯನ್ನು ಅಡ್ಡಕ್ಕೆ. ಎಲ್ಲಾದರೂ ಗೆರೆ ಉಳಿದರೆ ಯಾವ ಬದಿಯದು ಎಂದು ತಕ್ಷಣ ತಿಳಿಯುತ್ತದೆ. ಅವತ್ತು ಎರಡೂ ಬದಿ ಹಾಗೆಯೇ ಎಳೆದು, ತಲೆ ವಾರೆ ಮಾಡಿ ಬೆಳಕಿನಲ್ಲಿ ನೋಡಿದೆ. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಅಷ್ಟು ಶುದ್ಧವಾದ ಗಾಜನ್ನು ನೋಡಿ ಅವತ್ತು ನನಗೆ ಅಳು ಬಂದಿತು. ಕೋಣೆಯ ಬಾಗಿಲು, ಮನೆಯ ಬಾಗಿಲು ಎರಡಕ್ಕೂ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಅವರು ಬರುವ ತನಕ ಅಲ್ಲಿಂದ ಏಳಲಿಲ್ಲ.

ಐದೂವರೆಗೆ ಜಲಜಕ್ಕ ಗೇಟು ತೆಗೆದರು. ನಾನು ಎದ್ದು ಕೈ ಮುಗಿದೆ. "ಅಕ್ಕಾರ, ನನ್ನಿಂದ ದೊಡ್ಡ ತಪ್ಪಾಗೇತ್ರಿ. ಆ ಗಾಜು ಒಡದೈತ್ರಿ. ಹೊಸಾದ ಹಾಕೀನಿ, ಆದ್ರ ಯಜಮಾನ್ರ ಕೈ..." ಎಂದೆ. ಅವರು ಬೈಯಲಿಲ್ಲ. ಕೀಲಿಗೆ ಕೈ ಚಾಚಿದರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡು ಹತ್ತಿದರು. ನಾನು ಗೋಣಿಚೀಲ ಹಿಡಿದು ಹಿಂದೆಯೇ ಹೋಗಿ ಬಾಗಿಲ ಹೊರಗೆ ನಿಂತೆ.

ಒಳಗಿನಿಂದ ಅವರ ದನಿ ಕೇಳಿಸಿತು.

"ಎಂತ ಮಾರಾಯ್ರೇ ನೀವು, ಜೀವ ತೆಗೆದುಬಿಟ್ರಲ್ಲ! ಇಲ್ಲೇ ಉಂಟಲ್ಲ?"

ಒಳಗೆ ಹೋಗಿ ನೋಡಿದೆ. ಇಳಿಬಿಸಿಲು ನೇರ ಗಾಜಿಗೆ ಬಿದ್ದಿತ್ತು. ಅದರ ನಡುವೆ ಅಂಗೈ. ನಾಲ್ಕು ಬೆರಳು ಪೂರ್ತಿ, ಉಂಗುರದ್ದು ಅರ್ಧ. ಚೌಕಟ್ಟಿನಲ್ಲಿ ನಾನು ಹೊಡೆದ ಹೊಸ ಮೊಳೆಗಳು ಹೊಳೆಯುತ್ತಿದ್ದವು. ನನಗಾದದ್ದು ಹೆದರಿಕೆಯಲ್ಲ, ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಸುಮ್ಮನೆ ಕೈ ಮುಗಿದುಬಿಡುತ್ತದಲ್ಲ, ಹಾಗೆ ನನ್ನ ಕೈ ಮುಗಿದಿತ್ತು.

ಚೀಲ ಬಿಚ್ಚಿ ಚೂರುಗಳನ್ನು ನೆಲದ ಮೇಲೆ ಜೋಡಿಸಿ ತೋರಿಸಿದೆ. ಉಪ್ಪು ಹಿಡಿದ ಹಳೆಯ ಗಾಜಿನಲ್ಲಿ ಅದೇ ಕೈ, ಎರಡು ಹೋಳಾಗಿ. ಜಲಜಕ್ಕ ಅದನ್ನೊಮ್ಮೆ ನೋಡಿದರು, ಕಿಟಕಿಯನ್ನೊಮ್ಮೆ ನೋಡಿದರು. ಹೊಸ ಗುರುತಿನ ಮೇಲೆ ತಮ್ಮ ಅಂಗೈಯನ್ನು ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಅವರು ಮಾಡಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸೆರಗಿನ ತುದಿಯಿಂದ ಆ ಗುರುತನ್ನು ನಿಧಾನವಾಗಿ, ಪೂರ್ತಿ ಒರೆಸಿಬಿಟ್ಟರು.

"ಅಕ್ಕಾರ, ಏನ ಮಾಡಾಕತ್ತೀರಿ!" ಎಂದು ಕೂಗಿದೆ.

"ಇರ್ಲಿ" ಎಂದರು. ಅಳುತ್ತಿದ್ದರು, ಆದರೆ ಮುಖದಲ್ಲಿ ಎಂಥದೋ ಸಮಾಧಾನವಿತ್ತು. "ಎರಡು ವರ್ಷ ಈ ಗಾಜು ಕಾದು ಕೂತೆ. ಗುರುತು ಎಲ್ಲಿ ಅಳಿಸಿಹೋಗ್ತದೋ ಅಂತ ಫ್ಯಾನ್ ಹಾಕ್ಲಿಕ್ಕೂ ಹೆದರಿಕೆ. ಬರುವುದಾದ್ರೆ ಅವರಿಗೆ ದಾರಿ ಗೊತ್ತುಂಟು."

ಇದನ್ನು ನಾನು ಬಗೆಬಗೆಯಾಗಿ ಯೋಚಿಸಿದ್ದೇನೆ. ಹಳೆಯ ಗಾಜಾಗಿದ್ದರೆ, ಒರೆಸಿದ ಜಿಡ್ಡು ಮತ್ತೆ ಮೂಡಿತು ಎನ್ನಬಹುದಿತ್ತು. ಅಂಗಡಿಯವನ ಕೈಗುರುತು ಎನ್ನೋಣವೆಂದರೆ ಅವನಿಗೆ ಹತ್ತು ಬೆರಳೂ ಇದ್ದವು, ನಾನೇ ಹೋಗಿ ನೋಡಿಬಂದೆ. ಕಣ್ಣಿನ ಭ್ರಮೆಯೇ? ಇಬ್ಬರಿಗೂ ಒಟ್ಟಿಗೆ? ರೇಣವ್ವನಿಗೆ ಹೇಳಿದರೆ, "ಮುಂದ ಮಧ್ಯಾಹ್ನ ನೀರ ಹಾಕಬ್ಯಾಡ್ರಿ" ಎಂದಷ್ಟೇ ಹೇಳಿದಳು.

ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಜಲಜಕ್ಕ ಕರೆಯುತ್ತಾರೆ. ಮೇಲಿನ ಕೋಣೆಯ ಒಳಬದಿ ತಾವೇ ನೋಡಿಕೊಳ್ಳುವುದಾಗಿ ಹೇಳುತ್ತಾರೆ. ಗುರುತು ಮತ್ತೆ ಬಂತೇ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಹೊರಗಿನಿಂದ ಏಣಿ ಹತ್ತಿ ಆ ಗಾಜಿನ ಎದುರಿಗೆ ಬಂದಾಗ, ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ, ನಾನು ಕಣ್ಣು ಮುಚ್ಚಿಕೊಂಡೇ ಒರೆಸುತ್ತೇನೆ.